ಕಂಬಳಿ ತೊಳೆದ ಎರಡನೇ ನೀರು

ಹೆಂಡತಿ ತೀರಿಕೊಂಡ ಮೇಲೆ ಚಳ್ಳಕೆರೆಯಲ್ಲಿ ನನಗಿದ್ದವನು ಕಂಬಳಿ ನೇಯುವ ಗೆಳೆಯನೊಬ್ಬನೇ. ರಂಜಾನಿನಲ್ಲಿ ಸಂಜೆ ನಾನು ಉಪವಾಸ ಬಿಡುವ ಹೊತ್ತಿಗೆ ಬಂದು ನನ್ನ ಜೊತೆ ಗಂಜಿ ಕುಡಿಯುತ್ತಿದ್ದ. ಜಗಳವಾಗಿ ಅವನೂ ಮಾತು ಬಿಟ್ಟ. ಅದೇ ವರ್ಷದ ರಂಜಾನಿನಲ್ಲಿ, ಮೊಳಕಾಲ್ಮೂರಿನಿಂದ ಗಾಡಿ ಕಟ್ಟಿಕೊಂಡು ಬಂದ ಗಿರಾಕಿ ಗೆಳೆಯನ ಕರಿಕಂಬಳಿ ಕರಿಕುರಿಯ ಉಣ್ಣೆಯದಲ್ಲ, ಬಣ್ಣ ಹಾಕಿದೆ ಎಂದು ತಕರಾರು ತೆಗೆದ. ಉಣ್ಣೆ ವ್ಯಾಪಾರಿಯೆಂದು ನನ್ನನ್ನೇ ನ್ಯಾಯಕ್ಕೆ ಕರೆದರು.

"ಇವ್ರೇ ಹೇಳ್ಲಿ ಬಿಡ್ರಿ. ನಂಗೂ ಸಾಬ್ರಿಗೂ ಮಾತಿಲ್ಲ, ಮುಲಾಜೂ ಇಲ್ಲ," ಎಂದ ಗೆಳೆಯ.

ಕಂಬಳಿಯ ಮೂಲೆಯನ್ನು ನೀರಿನಲ್ಲಿ ಹಿಂಡಿದೆ. ನೀರು ಕಂದಾಯಿತು.

"ನೋಡ್ರಿ, ಬಣ್ಣ ಬಿಡ್ತೈತೆ," ಎಂದ ಗಿರಾಕಿ.

ಹೌದು ಎಂದರೆ ಸಂತೆಯಲ್ಲಿ ಗೆಳೆಯನ ಹೆಸರು ಮುಗಿಯುತ್ತಿತ್ತು. ಹೌದು ಎನ್ನುವ ಆಸೆಯೂ ಇತ್ತು. ಆದರೆ ಸಿಟ್ಟಿನಲ್ಲಿ ತೀರ್ಪು ಕೊಡಬಾರದೆಂಬುದು ಪೈಗಂಬರರ ಬೋಧನೆ. ಉಪವಾಸವೇನು ಹೊಟ್ಟೆಗೆ ಮಾತ್ರವೇ? ಎದ್ದು ಹೋಗಿ ನಮಾಜಿಗೆ ಮುಂಚೆ ಮಾಡುವಂತೆ ವಜೂ ಮಾಡಿದೆ. ಕೈ, ಮುಖ, ಕಾಲು ತೊಳೆದು ಸುಮ್ಮನೆ ಕುಳಿತೆ. ಸಿಟ್ಟು ಇಳಿದ ಮೇಲೆ ನೆನಪಾಯಿತು: ನೇಯ್ದ ಕಂಬಳಿಗೆ ಹುಣಸೆಬೀಜದ ಅಂಟು ಹಚ್ಚುತ್ತಾರೆ, ಮೊದಲ ನೀರಿಗೆ ಬಿಡುವುದು ಅದು. ಹೊಸ ನೀರಿನಲ್ಲಿ ಮತ್ತೆ ಹಿಂಡಿದೆ. ನೀರು ತಿಳಿಯಾಗಿಯೇ ಉಳಿಯಿತು.

"ಇದು ಕುರಿದೇ ಬಣ್ಣ," ಎಂದೆ.

ಗಿರಾಕಿ ಕಂಬಳಿ ಕೊಂಡ. ಗೆಳೆಯ ನನ್ನತ್ತ ನೋಡದೆ ಹೊರಟ. ಆ ಸಂಜೆಯೂ ಗಂಜಿ ಒಬ್ಬನೇ ಕುಡಿದೆ.