ಕತ್ತರಿಗೆ ಕಟ್ಟಿದ ದಾರ

ಅಂಗಿ ಹೊಲಿಯುವುದರಲ್ಲಿ ನನ್ನ ಸೋದರತ್ತೆ ಎತ್ತಿದ ಕೈ. ಅವಳ ಅಂಗಡಿಯಲ್ಲಿ ಕತ್ತರಿ, ಟೇಪು, ಗುಂಡಿಯ ಡಬ್ಬಿ ಎಲ್ಲಕ್ಕೂ ಒಂದೊಂದು ದಾರ. ದಾರದ ಇನ್ನೊಂದು ತುದಿ ಮೇಜಿನ ಕಾಲಿಗೆ. ಕೆಳಗೆ ಬಿದ್ದದ್ದನ್ನು ಹುಡುಕುವ ಗೋಜಿಲ್ಲ, ದಾರ ಎಳೆದರೆ ಆಯಿತು. ಹೊತ್ತು ಇಳಿಯುವ ಮೊದಲೇ ಬಾಗಿಲು ಹಾಕಿ, ಕೋಳಿ ಗೂಡು ಸೇರುವ ಹಾಗೆ ಮನೆ ಸೇರುತ್ತಿದ್ದಳು. ಅವಳಿಗೆ 'ಕೋಳಿ ಅತ್ತೆ' ಎಂದು ಹೆಸರಿಟ್ಟವಳು ನಾನೇ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ನನ್ನ ಮಗಳಿಗೆ ಐದು ವರ್ಷವಾಗಿದ್ದಾಗ ಒಂದು ಮೋಡದ ಮಧ್ಯಾಹ್ನ ಅತ್ತೆಯ ಅಂಗಡಿಗೆ ಹೋದೆವು. ಒಳಗೆ ಬರುವಾಗ ಮಗು ಮೆಟ್ಟಿಲನ್ನು ಕಾಲಿನಿಂದ ತಡಕಿತು. ಆ ಸದ್ದಿಗೆ ಅತ್ತೆಯ ಹೊಲಿಗೆ ಯಂತ್ರ ನಿಂತಿತು.

"ಇವಳ ಕಣ್ಣು ಯಾರಿಗಾದ್ರೂ ತೋರಿಸೇ. ನಾನೂ ಚಿಕ್ಕೋಳಿದ್ದಾಗ ಹೀಗೇ ತಡಕ್ತಿದ್ದೆ."

ನನಗೆ ಪಿತ್ತ ನೆತ್ತಿಗೇರಿತು. "ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ? ಮಕ್ಕಳಿಲ್ಲದೋಳಿಗೆ ಮಕ್ಕಳ ವಿಷಯ ಯಾಕೆ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ನಾಲ್ಕು ವರ್ಷ ಅತ್ತ ಸುಳಿಯಲಿಲ್ಲ.

ಆ ನಾಲ್ಕು ವರ್ಷ ಮಗಳು ಲೋಟ ಉರುಳಿಸಿದಾಗಲೆಲ್ಲ, ಬಾಗಿಲಿಗೆ ಹಣೆ ಬಡಿಸಿಕೊಂಡಾಗಲೆಲ್ಲ ಬೆನ್ನಿಗೊಂದು ಬಿಟ್ಟೆ. ಕಣ್ಣು ನೆತ್ತಿ ಮೇಲಿದೆಯಾ ಎಂದು ಬೈದೆ. ಕೊನೆಗೆ ಶಾಲೆಯವರೇ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ರಕ್ತಪರೀಕ್ಷೆಯಲ್ಲಿ ಒಂದು ಜೀನಿನ ದೋಷ ಸಿಕ್ಕಿತು. ನನ್ನಲ್ಲೊಂದು, ನನ್ನ ಗಂಡನಲ್ಲೊಂದು ಕೆಟ್ಟ ಪ್ರತಿ ಸುಮ್ಮನೆ ಕೂತಿದ್ದವಂತೆ. ಮಗಳಿಗೆ ಎರಡೂ ಬಂದುಬಿಟ್ಟಿದ್ದವು. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕದ್ದು ಹೋಗುತ್ತದೆ, ಕೊನೆಗೆ ಎದುರಿನದೂ ಹೋಗಬಹುದು.

"ಮನೇಲಿ ಇನ್ಯಾರಿಗಾದ್ರೂ ಇತ್ತಾ?" ಡಾಕ್ಟರ್ ಕೇಳಿದರು.

ನನಗೆ ಮೇಜಿನ ಕಾಲಿನ ದಾರಗಳು ನೆನಪಾದವು. "ನಮ್ಮ ಸೋದರತ್ತೆಗೆ ಇತ್ತು ಅನ್ಸತ್ತೆ. ನಾಲ್ಕು ವರ್ಷ ಮೊದಲೇ ಬಂದಿದ್ರೆ ವಾಸಿ ಆಗ್ತಿತ್ತಾ?"

"ಇವಳಿಗಿರೋ ದೋಷಕ್ಕೆ ಸದ್ಯ ಔಷಧಿ ಇಲ್ಲಮ್ಮ. ಆದ್ರೆ ತನ್ನ ತಪ್ಪಲ್ಲ ಅಂತ ಮಗೂಗೆ ಗೊತ್ತಿರ್ತಿತ್ತು."

ಮರುದಿನ ಮಗಳ ಕೈ ಹಿಡಿದು ಅಂಗಡಿಗೆ ಹೋದೆ. ಅತ್ತೆ ಈಗ ಗುಂಡಿ ಮಾತ್ರ ಹಾಕುತ್ತಾಳೆ, ಬೆರಳಿನ ಅಂದಾಜಿನಲ್ಲೇ. ಮೆಟ್ಟಿಲ ಮೇಲೆ ತಡಕುವ ಕಾಲಿನ ಸದ್ದಿಗೆ ತಲೆ ಎತ್ತಿ, "ಬಂದ್ಯಾ ಪುಟ್ಟಿ?" ಎಂದಳು.

"ನಂದು ತಪ್ಪಾಯ್ತು ಅತ್ತೆ," ಎಂದೆ.

ಅತ್ತೆ ಸೂಜಿ ಕೆಳಗಿಟ್ಟಳು. "ಏನಾದ್ರೂ ಬೀಳ್ಸಿದ್ರೆ ಇವಳಿಗೆ ಹೊಡೀತಿದ್ಯಾ? ನಮ್ಮಮ್ಮ ನಂಗೆ ಹೊಡೀತಿದ್ಲು," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮಗಳು ನನ್ನ ಪರವಾಗಿ ಮಾತಾಡಿದಳು.

"ಅಮ್ಮಂದು ತಪ್ಪಿಲ್ಲ ಅಜ್ಜಿ. ನಂಗೇ ನೋಡ್ಕೊಂಡು ನಡಿಯೋಕೆ ಬರಲ್ಲ."