ಎಡಗೈಗೆ ಧೈರ್ಯ ಬಂದ ಅವರೆಕಾಯಿ ಕಾಲ

ಆಗೆಲ್ಲ ನಮ್ಮ ಮನೆಯಲ್ಲಿ ಎಡಗೈಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಅದರಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು, ದೇವರ ಮನೆಯಲ್ಲಿ ಮುಂದೆ ಚಾಚಲೂ ಬಾರದು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಈ ಕಾನೂನಿಗೆ ಅಜ್ಜಿಯೇ ಪೊಲೀಸ್, ಅಜ್ಜಿಯೇ ಜಡ್ಜು. ತಪ್ಪಿದರೆ ಮಣಿಕಟ್ಟಿನ ಮೇಲೆ ಸೌಟಿನ ಹಿಡಿಯಿಂದ ಒಂದು ಏಟು.

ನನಗೆ ಹತ್ತು ವರ್ಷ. ರಾಜಾಜಿನಗರದಲ್ಲಿ ಗ್ರೇಸ್ ಮಿಸ್ ಅಂತ ಒಬ್ಬರು ತಮ್ಮ ಮನೆಯ ಹಾಲಿನಲ್ಲೇ ಪಿಯಾನೋ ಹೇಳಿಕೊಡುತ್ತಿದ್ದರು. ಅಪ್ಪ ದಿನಾ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಆ ಹಾಲಿಗೆ ಹಳೇ ಮರದ ಪಾಲಿಶಿನದೂ ನುಸಿಗುಳಿಗೆಯದೂ ವಾಸನೆ. ಜನವರಿ ಕೊನೆಗೆ ನನ್ನ ಮೊದಲ ಗ್ರೇಡ್ ಪರೀಕ್ಷೆ. ಬಲಗೈ ಚೆನ್ನಾಗಿಯೇ ಓಡುತ್ತಿತ್ತು. ಎಡಗೈ ಮಾತ್ರ ಹೊಸ ಸೊಸೆಯ ಹಾಗೆ ಮುಟ್ಟಿಯೂ ಮುಟ್ಟದಂತೆ ಇರುತ್ತಿತ್ತು.

"ನಿನ್ ಎಡಗೈ ಹೆದರ್ಕೊಂಡಿದೆ ಕಣೇ," ಎಂದರು ಮಿಸ್. "ಊಟ ಒಂದ್ ಬಿಟ್ಟು ಎಲ್ಲಾ ಕೆಲ್ಸ ಅದ್ರಲ್ಲೇ ಮಾಡು. ಇಲ್ಲಾಂದ್ರೆ ಪರೀಕ್ಷೆಗೆ ಕೂರ್ಸಲ್ಲ."

ನಾನೋ ಮಹಾ ಹಟಮಾರಿ. ಚಿಲಕ, ನಲ್ಲಿ, ಬಾಚಣಿಗೆ, ಪೊರಕೆ ಎಲ್ಲಾ ಎಡಗೈಗೇ. ರಂಗೋಲಿ ಡೊಂಕಾಯಿತು, ಮಿಸ್ ಹೇಳಿದ್ದು ಎಂದರೂ ಸೌಟಿನ ಏಟು ಬಿತ್ತು. ಬಿಡಲಿಲ್ಲ. ಮೂರು ವಾರಕ್ಕೆ ಎಡಗೈ ತಾನಾಗಿಯೇ ಮುಂದೆ ಬರತೊಡಗಿತು.

ಫಜೀತಿಯಾದದ್ದೇ ಅದರಿಂದ. ಸಂಕ್ರಾಂತಿಯ ದಿನ ರೇಷ್ಮೆ ಲಂಗ ಉಟ್ಟು ಎಳ್ಳು ಬೀರುತ್ತಿದ್ದೆ. ಅಜ್ಜಿಯ ಅಣ್ಣ ಬಂದು ಸೋಫಾದಲ್ಲಿ ಕೂತಿದ್ದರು. ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು, ಎಳ್ಳಿನ ಪೊಟ್ಟಣವನ್ನು ಎಡಗೈಯಲ್ಲಿ ಅವರ ಮುಂದೆ ಚಾಚಿಬಿಟ್ಟೆ! ಅವರು ಕೈ ಹಿಂದಕ್ಕೆಳೆದುಕೊಂಡರು. ಎಳ್ಳು ಮುಟ್ಟದೆ ಎದ್ದು ಹೋದರು.

"ಅಯ್ಯೋ, ನನ್ ಮಾನ ಕಳ್ದ್ಯಲ್ಲೇ!" ಅಜ್ಜಿಗೆ ಅಳುವೇ ಬಂದಿತ್ತು. "ಆ ಪಿಯಾನೋ ಪೆಟ್ಟಿಗೇನೂ ಬೇಡ, ಆ ಮಿಸ್ಸೂ ಬೇಡ. ನಾಳೆಯಿಂದ ಹೋಗ್ಕೂಡ್ದು."

ಅಪ್ಪ, ಅಮ್ಮ ಅಜ್ಜಿಯ ಮಾತಿಗೇ ತಲೆಯಾಡಿಸಿದರು. ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ನನಗೆ ಹೊಸ ಬಟ್ಟೆ, ಎಳ್ಳುಬೆಲ್ಲ ಯಾವುದೂ ಬೇಕಿರಲಿಲ್ಲ, ಆ ಪರೀಕ್ಷೆ ಬೇಕಿತ್ತು.

ಮಾರನೇ ದಿನ ಮಧ್ಯಾಹ್ನ ಅಜ್ಜಿ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಹಿತಕಲು ಕೂತಳು. ಅವರೆಯ ಸೊಗಡು ಮನೆಯೆಲ್ಲಾ ಹರಡಿತ್ತು. ನಾನು ಹೋಗಿ ಎದುರಿಗೆ ಕೂತು, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಎಡಗೈ ಒಂದರಲ್ಲೇ ಹಿತಕತೊಡಗಿದೆ.

"ತೆಗಿಯೇ ಆ ಕೈನ! ತಿನ್ನೋ ಕಾಳು ಅದು."

"ನಿನ್ ಎಡಗೈ ಏನ್ಮಾಡ್ತಾ ಇದೆ ಅಜ್ಜಿ?"

ಅಜ್ಜಿ ತನ್ನ ಕೈ ನೋಡಿಕೊಂಡಳು. ಎರಡು ಹೆಬ್ಬೆರಳುಗಳೂ ಒಂದೇ ಸಮನೆ ಪಟಪಟ ಬೇಳೆ ಚಿಮ್ಮಿಸುತ್ತಿದ್ದವು.

"ಇದು ಕೆಲ್ಸ ಕಣೇ," ಅಂದಳು.

"ನಂದೂ ಕೆಲ್ಸಾನೇ."

ಬೋಗುಣಿ ಬರಿದಾಗುವವರೆಗೂ ಇಬ್ಬರೂ ಹಿತಕಿದೆವು. ಉಗುರಿನ ಸಂದು ಉರಿಯುತ್ತಿತ್ತು, ನಾನು ಏಳಲಿಲ್ಲ. ಕೊನೆಗೆ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, "ಕೊಡೋಕೆ ಬಲಗೈ, ದುಡಿಯೋಕೆ ಎರಡೂ. ನೆನಪಿರ್ಲಿ. ನಡಿ, ನಾನೂ ಬರ್ತೀನಿ. ಅದೇನ್ ಕೆಲ್ಸವೋ ನೋಡೇಬಿಡೋಣ," ಎಂದಳು.

ಮಿಸ್ ಮನೆಯಲ್ಲಿ ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಪರೀಕ್ಷೆಯ ಪಾಠವನ್ನು ಪೂರ್ತಿ ನುಡಿಸಿದೆ. ಮಿಸ್ "ಗುಡ್" ಎಂದರು. ಅಜ್ಜಿ ಮುಖ ಗಂಟಿಕ್ಕಿದಳು.

"ಬಲಗೈದೇ ಜೋರು. ಎಡಗೈದು ನಂಗೆ ಕೇಳಿಸ್ಲೇ ಇಲ್ಲ. ಇನ್ನೊಂದ್ಸಲ ಬಾರ್ಸು."

ಪರೀಕ್ಷೆಯವರೆಗೂ ದಿನಾ ಬಂದಳು, ದಿನಾ ಅದೇ ಮಾತು. ಪಾಸಾದೆ. ಆಮೇಲೆ ಎಂಟೂ ಗ್ರೇಡ್ ಮುಗಿಸಿದೆ. ಈಗ ಅದೇ ಬಸವೇಶ್ವರನಗರದಲ್ಲಿ ನಾನೇ ಮಿಸ್.

ನನ್ನ ಹತ್ತಿರ ಬರುವ ಮಕ್ಕಳು ಯಾವ ಕೈಯಲ್ಲಿ ಏನು ಕೊಟ್ಟರೂ ಕೇಳುವವರಿಲ್ಲ. ಒಳ್ಳೆಯದೇ ಆಯಿತು, ಸೌಟಿನ ಏಟು ಯಾರಿಗೂ ಬೇಡ. ಆದರೆ ಅಪ್ಪ ಅಮ್ಮಂದಿರು ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಕಾರಿನಲ್ಲೇ ಫೋನ್ ಹಿಡಿದು ಕೂತಿರುತ್ತಾರೆ. ಒಳಗೆ ಬಂದು ಕೇಳಿ ಎಂದರೆ, "ಪರವಾಗಿಲ್ಲ ಮಿಸ್, ವಿಡಿಯೋ ಕಳ್ಸಿ," ಅನ್ನುತ್ತಾರೆ.

ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ನುಡಿಸಿದರೆ ಈಗ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಎಡಗೈ ಕೇಳಿಸಲಿಲ್ಲ ಅಂತ ಬೈಯುವವರು ಒಬ್ಬರೂ ಇಲ್ಲ.