ಬ್ಯಾಟಿಗೆ ಒಳಮಡಿಕೆ ಇಲ್ಲ

“ಇವತ್ತು ಯಾರು ಯಾರನ್ನ ಎಳ್ಕೊಂಡು ಬರ್ತಾರೋ?”

ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೈದಾನದ ಗೇಟಿಗೆ ಎದುರಾಗಿರುವ ಆಟದ ಸಾಮಾನಿನ ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಮೊಣಕಾಲೂರಿ ಕೂತ ಹೆಂಗಸು ಬೇಸ್‌ಬಾಲ್ ಬ್ಯಾಟುಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ಆನಿಸುತ್ತಿದ್ದಾರೆ. ಕ್ರಿಕೆಟ್ ಬ್ಯಾಟಿನಂತೆ ಚಪ್ಪಟೆಯಲ್ಲ ಇವು. ಉರುಟಾಗಿ, ಹಿಡಿಯ ಕಡೆ ಸಣ್ಣಗಾಗಿ, ಒನಕೆಯ ತಮ್ಮಂದಿರ ಹಾಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲುಗಟ್ಟಿ ನಿಂತಿವೆ.

ಮಕ್ಕಳ ಬಾಯಲ್ಲಿ ಇವರು ‘ದರ್ಜಿಯಕ್ಕ’. ಅಂಗಡಿಗೆ ಸೇರಿದ್ದು ಹರಿದ ಗ್ಲೌಸಿನ ಚರ್ಮ ಹೊಲಿಯಲು. ಅದಕ್ಕೂ ಮೊದಲು ಅರ್ಧ ಆಯುಷ್ಯ ಕಳೆದದ್ದು ಮಕ್ಕಳ ಬಟ್ಟೆ ಹೊಲಿಯುತ್ತ. ಈಗ ಹೊಲಿಗೆ ಹಿಂದಕ್ಕೆ ಸರಿದು, ಯಾವ ಕೈಗೆ ಯಾವ ಬ್ಯಾಟು ಎಂದು ಹೇಳುವುದೇ ಮುಖ್ಯ ಕೆಲಸವಾಗಿದೆ.

ಬಿಸಿಲು ಮೆಟ್ಟಿಲು ಹತ್ತುವ ಹೊತ್ತಿಗೆ ಒಬ್ಬ ತಂದೆ ಮಗಳ ಕೈ ಹಿಡಿದು ಬರುತ್ತಾನೆ. ದರ್ಜಿಯಕ್ಕ ಬ್ಯಾಟೊಂದರ ಹಿಡಿಯ ತುದಿಯನ್ನು ಹುಡುಗಿಯ ಎದೆಗೆ ಆನಿಸುತ್ತಾರೆ. “ಕೈ ಚಾಚು ಪುಟ್ಟಿ, ಆ ತುದಿ ಸಿಗುತ್ತಾ?” ಸಿಗುತ್ತದೆ. ಅಲ್ಲಿಗೆ ಉದ್ದ ಸರಿ. ಆಮೇಲೆ ಒಂದೇ ಕೈಯಲ್ಲಿ ಬ್ಯಾಟನ್ನು ಪಕ್ಕಕ್ಕೆ ಚಾಚಿ ನಿಲ್ಲಬೇಕು. ದರ್ಜಿಯಕ್ಕ ಬೆರಳು ಮಡಚಿ ಇಪ್ಪತ್ತರವರೆಗೆ ಎಣಿಸುತ್ತಾರೆ. ತುದಿ ಬಾಗಲಿಲ್ಲ.

“ಇದೇ ನಿನ್ನದು.”

“ಒಂದು ಸೈಜು ದೊಡ್ಡದೇ ಕೊಡಿ,” ತಂದೆಯ ಮಾತು. “ಬೆಳೆಯೋ ಮಗು.”

“ಬೆಳೀತಾಳೆ ಸ್ವಾಮಿ, ಯಾರು ಬೇಡ ಅಂದ್ರು? ಆದ್ರೆ ಚೆಂಡು ಬರೋದು ಇವತ್ತು. ಮುಂದಿನ ವರ್ಷದ ಕೈ ಇವತ್ತು ಎಲ್ಲಿಂದ ತರ್ತಾಳೆ?”

ತಂದೆ ನಗುತ್ತಾನೆ. “ಮುಂದಿನ ವರ್ಷ ಇನ್ನೊಂದು ಮಾರೋ ಉಪಾಯ ಅಲ್ವೇನಮ್ಮ ಇದು?”

ದರ್ಜಿಯಕ್ಕ ಅಳತೆಯ ಬ್ಯಾಟನ್ನು ಮತ್ತೆ ಗೋಡೆಗೆ ಆನಿಸುತ್ತಾರೆ. ದೊಡ್ಡ ಬ್ಯಾಟೇ ಹೊರಡುತ್ತದೆ, ಹುಡುಗಿಯ ಹಿಂದೆ ನೆಲ ಉಜ್ಜಿಕೊಂಡು. “ಹತ್ತು ಜನರಲ್ಲಿ ಆರು ಜನ ನನ್ನ ಮಾತು ಕೇಳ್ತಾರೆ,” ಎನ್ನುತ್ತಾರೆ ದರ್ಜಿಯಕ್ಕ. “ಮಿಕ್ಕವರನ್ನ ಬೈಯೋಕೆ ನನಗೆ ಬಾಯಿಲ್ಲ. ನಾನೂ ಅದೇ ಮಾತು ಆಡಿದವಳೇ.”

ಆಗ ದರ್ಜಿಯಕ್ಕನ ಮಗಳಿಗೆ ಹತ್ತು ವರ್ಷ ತುಂಬಿತ್ತು. ಒಣಕಲು ಮೈ, ಮಿಂಚಿನಂಥ ಕೈ. ಯಾರದೋ ಹಳೆಯ ಬ್ಯಾಟು ಹಿಡಿದರೂ ಚೆಂಡು ಠಣ್ಣೆಂದು ಬೇಲಿ ದಾಟುತ್ತಿತ್ತು. ಸ್ವಂತದ್ದು ಕೊಡಿಸುವ ದಿನ ತಾಯಿ ಇದೇ ಗೋಡೆಯ ಮುಂದೆ ನಿಂತು, ಅಂಗಡಿಯವರು ತೋರಿಸಿದ್ದನ್ನು ಬಿಟ್ಟು, ಎರಡು ಸೈಜು ದೊಡ್ಡದನ್ನು ಎತ್ತಿಕೊಂಡರು.

“ದರ್ಜಿ ಬುದ್ಧಿ ನೋಡಿ. ಮಕ್ಕಳ ಲಂಗ ಹೊಲಿದ್ರೆ ಒಳಗೆ ನಾಲ್ಕು ಬೆರಳು ಮಡಿಕೆ ಬಿಡ್ತಿದ್ದೆ. ಮೈ ಬೆಳೆದ ಹಾಗೆ ಬಿಚ್ಕೊಂಡ್ರಾಯ್ತು. ಬ್ಯಾಟಿಗೆ ಒಳಮಡಿಕೆ ಎಲ್ಲಿ ಬಂತು? ಅಷ್ಟೂ ಭಾರ ಮೊದಲನೇ ದಿನವೇ ಹೊರಬೇಕಲ್ಲ.”

ಹೊತ್ತಳು. ಬೀಸುವಷ್ಟರಲ್ಲಿ ಚೆಂಡು ಹಿಂದೆ ಕೂತು ಹಿಡಿಯುವವರ ಕೈ ಸೇರಿರುತ್ತಿತ್ತು. ಭಾರ ಎತ್ತಲು ಭುಜ ಮೇಲೇರಿತು, ಸೊಂಟ ಹಿಂದಕ್ಕೆ ಬಾಗಿತು. “ಅಮ್ಮಾ, ಇದು ನನ್ನ ಮಾತು ಕೇಳಲ್ಲ,” ಎಂದು ಮಗಳು ಹೇಳಿದಳು. “ಅಭ್ಯಾಸ ಆಗುತ್ತೆ, ಹೋಗು,” ಎಂದರು ತಾಯಿ. ತರಬೇತಿಯವರು ಹೇಳಿಕಳಿಸಿದಾಗಲೂ ಅದೇ ಉತ್ತರ. ಹೊಡೆತ ತಪ್ಪಿದಾಗಲೆಲ್ಲ ಜೊತೆಯವರು ‘ಬೀಸಣಿಗೆ ಬಂತು’ ಎಂದು ನಗುತ್ತಿದ್ದರು. ಮಳೆಗಾಲ ಬರುವುದರೊಳಗೆ ಹುಡುಗಿ ಬೆಂಚಿನ ಮೇಲಿದ್ದಳು.

“ಮುಂದಿನ ವರ್ಷ ಬ್ಯಾಟು ಅವಳ ಅಳತೆಗೆ ಸರಿಹೋಯ್ತು,” ದರ್ಜಿಯಕ್ಕ ಗ್ಲೌಸಿನ ದಾರ ಹಲ್ಲಲ್ಲಿ ಕಡಿಯುತ್ತಾರೆ. “ಹಿಡಿಯೋಕೆ ಮೈದಾನದಲ್ಲಿ ಅವಳೇ ಇರ್ಲಿಲ್ಲ.”

ಮಗಳು ದೂರ ಹೋಗಿಲ್ಲ. ಮಕ್ಕಳನ್ನು ಮೈದಾನಕ್ಕೆ ಕರೆತರುವ ವ್ಯಾನಿನ ಚಾಲಕಿ ಅವಳೇ. ಪ್ರತಿ ಭಾನುವಾರ ಅಂಗಡಿಯ ಎದುರೇ ವ್ಯಾನು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂರುತ್ತಾಳೆ. ಆಟದ ಕಡೆ ತಿರುಗುವುದಿಲ್ಲ. ತಾಯಿಯ ಮೇಲೆ ಮುನಿಸೇನೂ ಇಲ್ಲ. ಒಂದೇ ಮನೆ, ಒಂದೇ ಒಲೆ, ಇಬ್ಬರ ನಡುವೆ ದಿನವಿಡೀ ತಮಾಷೆ. ಬ್ಯಾಟಿನ ಮಾತೊಂದು ಬಿಟ್ಟು.

ದರ್ಜಿಯಕ್ಕನಿಗೆ ಆಸೆ ಒಂದೇ. “ಆಡೋದು ಬೇಡ. ಗೆಲ್ಲೋದು ಬೇಡ. ಅವಳ ಅಳತೆಯದ್ದು ಒಂದು ಸಲ ಅವಳ ಕೈಯಲ್ಲಿ ಕೂರಬೇಕು. ಎಷ್ಟು ಹಗುರ ಇರುತ್ತೆ ಅಂತ ಅವಳಿಗೆ ಗೊತ್ತೇ ಇಲ್ಲವಲ್ಲ! ತಪ್ಪು ತನ್ನ ಕೈಯದು ಅಂತಲೇ ತಿಳ್ಕೊಂಡುಬಿಟ್ಟಿದ್ದಾಳೆ.”

ಇಷ್ಟು ಹೇಳುವಷ್ಟರಲ್ಲಿ ವ್ಯಾನಿನ ಬಾಗಿಲು ಬಡಿದ ಸದ್ದು. ಮಗಳು ಒಳಗೆ ಬರುತ್ತಾಳೆ. ಬೆರಳ ಸಂದು ಬಿಚ್ಚಿಹೋದ ಗ್ಲೌಸೊಂದು ಕೈಯಲ್ಲಿದೆ.

“ಮಹಾರಾಣಿಯವರೇ, ಒಂದೆರಡು ಹೊಲಿಗೆ ಹಾಕಿ ಕೊಡ್ತೀರಾ? ಹುಡುಗ ಅಳ್ತಾ ಇದ್ದಾನೆ.”

“ಕೂತ್ಕೋ. ಮಹಾರಾಣಿ ಈಗ ಬಿಡುವಾಗಿದ್ದಾರೆ.”

ಹೊಲಿಗೆ ಬೇಗ ಮುಗಿಯುತ್ತದೆ. ಗ್ಲೌಸು ಕೊಡುವ ಬದಲು ದರ್ಜಿಯಕ್ಕ ಎದ್ದು, ಗೋಡೆಯ ಸಾಲಿನಿಂದ ಒಂದು ಬ್ಯಾಟು ತೆಗೆಯುತ್ತಾರೆ. ಅಳತೆ ನೋಡುವುದಿಲ್ಲ. ವ್ಯಾನಿನ ಗಾಜಿನ ಆಚೆ ಕೂತ ಮಗಳ ತೋಳನ್ನು ಎಷ್ಟು ಭಾನುವಾರ ಕಣ್ಣಲ್ಲೇ ಅಳೆದಿದ್ದಾರೋ! ಹಿಡಿಯ ತುದಿಯನ್ನು ಅವಳತ್ತ ಚಾಚುತ್ತಾರೆ.

“ಒಂದೇ ಒಂದ್ಸಲ, ಮಗಳೇ. ಬೀಸಬೇಡ. ಬರೀ ಹಿಡಿ.”

ಮಗಳು ಬ್ಯಾಟನ್ನು ನೋಡುತ್ತಾಳೆ, ಅಮ್ಮನನ್ನೂ. ಹೊಲಿದ ಗ್ಲೌಸನ್ನು ಮೇಜಿನಿಂದ ತಾನೇ ಎತ್ತಿಕೊಳ್ಳುತ್ತಾಳೆ.

“ಇಲ್ಲಮ್ಮ,” ಎನ್ನುತ್ತಾಳೆ, ದನಿ ಏರಿಸದೆ. “ಬೇರೆ ಏನು ಬೇಕಾದ್ರೂ ಕೇಳು. ಅದನ್ನ ನಾನು ಹಿಡಿಯಲ್ಲ.”